ನಾಯಿಯ ಬೇಸಿಗೆ: ನೀರು, ನೆರಳು, ಗಾಳಿ

ಬೆಳೆದ ನಾಯಿಯ ಮೈತೂಕದಲ್ಲಿ ನೂರಕ್ಕೆ ಸುಮಾರು 60 ಭಾಗ ನೀರು. ಮರಿಗಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ರಕ್ತ ಹರಿಯಲು, ಉಂಡದ್ದು ಅರಗಲು, ಮೂತ್ರಪಿಂಡಗಳು ಕಶ್ಮಲವನ್ನು ಹೊರಹಾಕಲು ಈ ನೀರೇ ಆಧಾರ. ಬೇಸಿಗೆ ಬಂದಾಗ ಅದಕ್ಕೆ ಇನ್ನೊಂದು ದೊಡ್ಡ ಹೊಣೆ ಸೇರಿಕೊಳ್ಳುತ್ತದೆ. ಮೈಯೊಳಗಿನ ಕಾವನ್ನು ಹೊರಗೆ ಸಾಗಿಸುವ ಕೆಲಸವೂ ಅದರ ಮೇಲೆ ಬೀಳುತ್ತದೆ. ಹಸಿವನ್ನು ನಾಯಿ ದಿನಗಟ್ಟಲೆ ತಡೆದುಕೊಳ್ಳಬಲ್ಲದು, ಮೈಯ ಕೊಬ್ಬು ಬಹುಪಾಲು ಕರಗಿದರೂ ಬದುಕುಳಿಯಬಲ್ಲದು. ನೀರಿನ ವಿಷಯದಲ್ಲಿ ಅದಕ್ಕೆ ಅಷ್ಟು ಬಿಡುವಿಲ್ಲ. ಮೈತೂಕದ ನೂರಕ್ಕೆ 5 ಭಾಗದಷ್ಟು ನೀರು ಕಡಿಮೆಯಾದರೆ ಅದರ ಗುರುತುಗಳು ಹೊರಗೆ ಕಾಣತೊಡಗುತ್ತವೆ. ಹತ್ತು ಕೆಜಿ ತೂಗುವ ನಾಯಿಗೆ ಅದು ಅರ್ಧ ಲೀಟರ್ ಮಾತ್ರ. ಈ ನಷ್ಟ 12ರಿಂದ 15 ಭಾಗ ಮುಟ್ಟಿದರೆ ಜೀವಕ್ಕೇ ಅಪಾಯ. ಬಿಸಿಲ ದಿನಗಳಲ್ಲಿ ನಾಯಿಗೆ ನೀರು ಸಾಲದೆ ಹೋಗುವುದು ಹೇಗೆ, ಹಾಗಾಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದು ತಿಳಿಯಬೇಕಾದರೆ ಮೊದಲು ಅದರ ಮೈ ತಂಪಾಗುವ ಬಗೆಯನ್ನು ಅರಿಯಬೇಕು.

ತೇಕುವುದೇ ಬೆವರುವುದು

ಮನುಷ್ಯನ ಮೈತುಂಬ ಬೆವರಿನ ಗ್ರಂಥಿಗಳಿವೆ. ಬೆವರು ಆರುವಾಗ ಚರ್ಮದ ಕಾವನ್ನು ತನ್ನೊಡನೆ ಒಯ್ಯುತ್ತದೆ. ನಾಯಿಗೆ ಇಂಥ ಗ್ರಂಥಿಗಳಿರುವುದು ಮುಖ್ಯವಾಗಿ ಅಂಗಾಲಿನ ಮೆತ್ತೆಗಳಲ್ಲಿ. ಇಡೀ ಮೈಯನ್ನು ತಂಪಾಗಿಸಲು ಅಷ್ಟು ಬೆವರು ಎಲ್ಲಿಗೂ ಸಾಲದು. ಹೀಗಾಗಿ ನಾಯಿ ಬಾಯಿ ತೆರೆದು, ನಾಲಿಗೆ ಚಾಚಿ ತೇಕುತ್ತದೆ. ಸುಮ್ಮನೆ ಮಲಗಿರುವ ನಾಯಿ ನಿಮಿಷಕ್ಕೆ 10ರಿಂದ 30 ಬಾರಿ ಉಸಿರಾಡಿದರೆ, ತೇಕುವ ನಾಯಿಯ ಉಸಿರು ನಿಮಿಷಕ್ಕೆ 300 ಬಾರಿಯ ಆಸುಪಾಸಿಗೆ ಏರುತ್ತದೆ. ಎದೆಗೂಡಿಗೆ ಸಹಜವಾಗಿ ಒದಗುವ ಲಯವೂ ಹೆಚ್ಚು ಕಡಿಮೆ ಅದೇ ಆಗಿರುವುದರಿಂದ ಇಷ್ಟು ವೇಗದ ಉಸಿರಾಟಕ್ಕೆ ಸ್ನಾಯುಗಳು ಹೆಚ್ಚು ದುಡಿಯಬೇಕಾಗಿಲ್ಲ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿದ್ದ ಶರೀರವಿಜ್ಞಾನಿ ಕ್ನುಟ್ ಶ್ಮಿಟ್-ನೀಲ್ಸನ್ ಮತ್ತು ಸಂಗಡಿಗರು 1970ರಲ್ಲಿ ಈ ಉಸಿರಿನ ದಾರಿಯನ್ನು ಗುರುತಿಸಿದರು. ತೇಕುವ ನಾಯಿ ಗಾಳಿಯನ್ನು ಬಹುಪಾಲು ಮೂಗಿನಿಂದ ಒಳಗೆಳೆದು ಬಾಯಿಂದ ಹೊರಬಿಡುತ್ತದೆ. ಮೂಗಿನೊಳಗಿನ ಒದ್ದೆ ಪದರಗಳ ಮೇಲೆ ಗಾಳಿ ಹಾಯ್ದಾಗ ನೀರು ಆವಿಯಾಗುತ್ತದೆ, ಆ ಜಾಗದ ರಕ್ತ ತಂಪಾಗುತ್ತದೆ. ಆವಿ ತುಂಬಿದ ಬಿಸಿ ಗಾಳಿ ಮತ್ತೆ ಮೂಗಿಗೆ ಮರಳದೆ ಬಾಯಿಯ ಮೂಲಕ ಹೊರಹೋಗುವುದರಿಂದ ಕಾವು ಒಳಗೆ ಉಳಿಯುವುದಿಲ್ಲ. ಒಂದು ಮಿಲಿಲೀಟರ್ ನೀರು ಆವಿಯಾಗುವಾಗ ಸುಮಾರು 580 ಕ್ಯಾಲೊರಿಯಷ್ಟು ಶಾಖವನ್ನು ಹೀರಿಕೊಳ್ಳುತ್ತದೆ. ನಾಯಿಯ ಮೈ ತಂಪಾಗಿರುವುದು ಈ ಲೆಕ್ಕದ ಮೇಲೆ. ಒಳಗೆ ನೀರಿದ್ದಷ್ಟು ಕಾಲ ಆವಿ, ಆವಿಯಿದ್ದಷ್ಟು ಕಾಲ ತಂಪು.

ಇದರಿಂದ ತಿಳಿಯುವ ಇನ್ನೊಂದು ಸಂಗತಿಯೂ ಮುಖ್ಯ. ಮನುಷ್ಯನ ಬೆವರಿನಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತದೆ. ಅದಕ್ಕೇ ಬಿಸಿಲಿನಲ್ಲಿ ದುಡಿದವರಿಗೆ ಉಪ್ಪು ಹಾಕಿದ ಮಜ್ಜಿಗೆ, ನಿಂಬೆ ಪಾನಕ ಹಿತ. ಉಸಿರಿನಲ್ಲಿ ಆವಿಯಾಗಿ ಹೋಗುವುದು ಬರೀ ನೀರು. ಜೊಲ್ಲಿನಲ್ಲಿ ಒಂದಿಷ್ಟು ಲವಣ ಸೋರಿದರೂ ನಾಯಿಯ ಮುಖ್ಯ ನಷ್ಟ ನೀರಿನದೇ. ನೀರು ಕಡಿಮೆಯಾಗಿ ರಕ್ತದ ಲವಣಾಂಶ ಗಟ್ಟಿಯಾದಾಗ ಮೆದುಳಿನ ಹೈಪೋಥಲಾಮಸ್ ಅದನ್ನು ಗ್ರಹಿಸಿ ಬಾಯಾರಿಕೆ ಹುಟ್ಟಿಸುತ್ತದೆ. ಆ ಹೊತ್ತಿನಲ್ಲಿ ಆರೋಗ್ಯವಂತ ನಾಯಿಗೆ ಬೇಕಾಗುವುದು ಶುದ್ಧ ನೀರು. ಉಪ್ಪು, ಸಕ್ಕರೆ ಬೆರೆಸಿದ ಪಾನೀಯದ ಅಗತ್ಯ ಅದಕ್ಕಿಲ್ಲ.

ಬಯಲುಸೀಮೆಯ ಬಿಸಿಲು, ಕರಾವಳಿಯ ಸೆಕೆ

ಆರೋಗ್ಯವಂತ ನಾಯಿಯ ಮೈಕಾವು ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಸುತ್ತಲಿನ ಗಾಳಿ ಇದಕ್ಕಿಂತ ತಂಪಾಗಿದ್ದರೆ ಚರ್ಮದಿಂದಲೂ ಒಂದಿಷ್ಟು ಶಾಖ ತಾನಾಗಿ ಹೊರಹೋಗುತ್ತದೆ. ನಾಯಿ ತಣ್ಣನೆಯ ನೆಲದ ಮೇಲೆ ಹೊಟ್ಟೆಯೂರಿ ಮಲಗುವುದು, ಗಿಡದ ಬುಡದ ಹಸಿ ಮಣ್ಣು ಕೆದಕಿ ಗುಂಡಿ ಮಾಡಿಕೊಳ್ಳುವುದು ಇದೇ ಕಾರಣಕ್ಕೆ. ಕಲಬುರಗಿ, ರಾಯಚೂರು, ಯಾದಗಿರಿ, ಬಳ್ಳಾರಿ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಗಾಳಿಯೇ ಮೈಗಿಂತ ಬಿಸಿಯಾದಾಗ ಶಾಖ ಹೊರಗಿನಿಂದ ಒಳಕ್ಕೆ ಹರಿಯತೊಡಗುತ್ತದೆ. ಆಗ ನಾಯಿಗೆ ಉಳಿಯುವುದು ಆವಿಯ ದಾರಿ ಒಂದೇ. ಅಲ್ಲಿನ ಗಾಳಿ ಒಣಗಿರುವುದರಿಂದ ಆವಿ ಬೇಗ ಹೊರಡುತ್ತದೆ, ತೇಕಿದರೆ ಮೈ ತಂಪಾಗುತ್ತದೆ. ಅದಕ್ಕೆ ತಕ್ಕಂತೆ ನೀರೂ ಬೇಗ ಖರ್ಚಾಗುತ್ತದೆ. ಬಯಲುಸೀಮೆಯಲ್ಲಿ ನಾಯಿಯ ಮುಂದೆ ನೀರು ತುಂಬಿದ ಪಾತ್ರೆ ಹಗಲಿರುಳೂ ಇರಲೇಬೇಕು.

ಮಂಗಳೂರು, ಉಡುಪಿ, ಕಾರವಾರದಲ್ಲಿ ಕಷ್ಟ ಬೇರೆ ಬಗೆಯದು. ಉಷ್ಣಾಂಶ 34, 35 ಡಿಗ್ರಿಯಲ್ಲೇ ನಿಂತರೂ ಗಾಳಿಯಲ್ಲಿ ತೇವ ತುಂಬಿರುತ್ತದೆ. ನಾಯಿ ಎಷ್ಟು ತೇಕಿದರೂ ಆವಿ ನಿಧಾನವಾಗಿ ಹೊರಡುತ್ತದೆ, ತಂಪು ಸಿಗುವುದು ಕಡಿಮೆ. ಹವಾಮಾನ ಇಲಾಖೆ ಬಿಸಿಗಾಳಿಯನ್ನು ಗುರುತಿಸಲು ಬಯಲಿಗೆ 40 ಡಿಗ್ರಿ, ಕರಾವಳಿಗೆ 37 ಡಿಗ್ರಿ ಎಂಬ ಬೇರೆ ಬೇರೆ ಮಿತಿ ಇಟ್ಟುಕೊಂಡಿದೆ. ಕರಾವಳಿಯ ನಾಯಿಗೆ ಕುಡಿಯುವ ನೀರಿನ ಜೊತೆಗೆ ಬೀಸುವ ಗಾಳಿಯೂ ಬೇಕು. ಫ್ಯಾನಿನ ಕೆಳಗೆ, ಗಾಳಿಯಾಡುವ ಜಗಲಿಯಲ್ಲಿ ಅದಕ್ಕೆ ಜಾಗ ಕೊಡಬೇಕು. ಬೆಂಗಳೂರಿನ ತಂಪನ್ನು ನಂಬಿ ಕೂರುವಂತೆಯೂ ಇಲ್ಲ. 2016ರ ಏಪ್ರಿಲ್ 25ರಂದು ಅಲ್ಲಿ 39.2 ಡಿಗ್ರಿ ದಾಖಲಾಗಿತ್ತು. ತಗಡಿನ ಮಾಡಿನ ಶೆಡ್ಡು, ಗಾಜು ಮುಚ್ಚಿದ ಬಾಲ್ಕನಿ, ಕಾಂಕ್ರೀಟಿನ ತಾರಸಿ ಹೊರಗಿನ ಉಷ್ಣಾಂಶಕ್ಕಿಂತಲೂ ಹೆಚ್ಚು ಕಾಯುತ್ತವೆ. ನೆರಳಿಲ್ಲದ ಕಡೆ ಇಟ್ಟ ನೀರು ಅರ್ಧ ಉಪಕಾರ ಮಾತ್ರ, ಏಕೆಂದರೆ ಕುಡಿದದ್ದೆಲ್ಲ ಬಿಸಿಲಿನ ಕಾವು ಇಳಿಸುವುದಕ್ಕೇ ಖರ್ಚಾಗುತ್ತದೆ.

ದಿನಕ್ಕೆ ಎಷ್ಟು ನೀರು?

ಸಾಮಾನ್ಯ ದಿನಗಳಲ್ಲಿ ನಾಯಿಗೆ ಪ್ರತಿ ಕೆಜಿ ಮೈತೂಕಕ್ಕೆ ದಿನಕ್ಕೆ 50ರಿಂದ 60 ಮಿಲಿಲೀಟರ್ ನೀರು ಬೇಕು. ಹತ್ತು ಕೆಜಿಯ ನಾಯಿಗೆ ಇದು ಅರ್ಧ ಲೀಟರಿಗೆ ತುಸು ಹೆಚ್ಚು. 30 ಕೆಜಿಯ ಲ್ಯಾಬ್ರಡಾರ್‌ಗೆ ಒಂದೂವರೆಯಿಂದ ಎರಡು ಲೀಟರ್. ಬಿಸಿಲು ಏರಿದಾಗ, ನಾಯಿ ಓಡಾಡಿದಾಗ ಈ ಅಗತ್ಯ ಗಣನೀಯವಾಗಿ ಹೆಚ್ಚುತ್ತದೆ. ಮರಿಗಳಿಗೆ ಹಾಲೂಡಿಸುವ ತಾಯಿನಾಯಿ, ಹಾಲು ಕಟ್ಟಲೂ ನೀರು ಬೇಕಾದ್ದರಿಂದ, ಎರಡು ಮೂರು ಪಟ್ಟು ಕುಡಿಯಬಹುದು.

ಈ ಲೆಕ್ಕದಲ್ಲಿ ಊಟದೊಳಗಿನ ನೀರೂ ಸೇರಿದೆ. ಅಂಗಡಿಯಿಂದ ತರುವ ಒಣ ಪೆಡಿಗ್ರಿಯಂಥ ಕಾಳು ಆಹಾರದಲ್ಲಿ ನೀರಿನಂಶ ನೂರಕ್ಕೆ ಹತ್ತರಷ್ಟು. ಮೊಸರನ್ನ, ಗಂಜಿ, ಬೇಯಿಸಿದ ಮಾಂಸದ ರಸ ಕಲಸಿದ ಅನ್ನದಲ್ಲಿ ಮುಕ್ಕಾಲು ಭಾಗ ನೀರೇ. ಒಣ ಕಾಳು ತಿನ್ನುವ ನಾಯಿ ಬಟ್ಟಲಿನಿಂದ ಹೆಚ್ಚು ಕುಡಿಯಬೇಕು. ಮನೆಯ ಮೆತ್ತನೆ ಊಟ ಉಣ್ಣುವ ನಾಯಿ ಕಡಿಮೆ ಕುಡಿದರೂ ಕೊರತೆಯಾಗದು. ಹಾಗೆಯೇ ಖಾಲಿಯಾದ ಬಟ್ಟಲು ಕುಡಿದದ್ದರ ಸರಿಯಾದ ಅಳತೆಯಲ್ಲ. 2015ರಲ್ಲಿ ವರ್ಜೀನಿಯಾ ಟೆಕ್ ಸಂಶೋಧಕರ ತಂಡ ನಾಯಿಗಳು ನೀರು ಕುಡಿಯುವುದನ್ನು ವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದು ಪರಿಶೀಲಿಸಿತು. ನಾಯಿ ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಚಿ ನೀರಿಗೆ ಬಡಿಯುತ್ತದೆ. ಥಟ್ಟನೆ ಮೇಲಕ್ಕೆಳೆದಾಗ ಅದರ ಹಿಂದೆಯೇ ನೀರಿನ ಕಂಬವೊಂದು ಎದ್ದು ಬರುತ್ತದೆ, ಅದು ಬೀಳುವ ಮೊದಲೇ ನಾಯಿ ಬಾಯಿ ಮುಚ್ಚುತ್ತದೆ. ಈ ಕ್ರಮದಲ್ಲಿ ಒಂದಿಷ್ಟು ನೀರು ಸುತ್ತ ಚೆಲ್ಲುವುದು ಸಹಜ. ಅದಕ್ಕೇ ಲೆಕ್ಕಕ್ಕಿಂತ ಹೆಚ್ಚೇ ನೀರಿಡಬೇಕು.

ಅತಿಯಾದ ಬಾಯಾರಿಕೆಯನ್ನೂ ಗಮನಿಸಬೇಕು. ಪ್ರತಿ ಕೆಜಿಗೆ 100 ಮಿಲಿಲೀಟರಿಗಿಂತ ಹೆಚ್ಚು ನೀರನ್ನು ದಿನವೂ ಕುಡಿಯುತ್ತಿದ್ದರೆ, ತಂಪು ಹೊತ್ತಿನಲ್ಲೂ ಬಟ್ಟಲು ಬಿಡದಿದ್ದರೆ ಅದನ್ನು ಬಿಸಿಲಿನ ತಲೆಗೆ ಕಟ್ಟಬಾರದು. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಹೆಣ್ಣುನಾಯಿಗಳಲ್ಲಿ ಗರ್ಭಕೋಶದಲ್ಲಿ ಕೀವು ತುಂಬುವ ಪಯೊಮೆಟ್ರಾ ಇವೆಲ್ಲವೂ ದಾಹ ಹೆಚ್ಚಿಸುತ್ತವೆ. ಸ್ಟೀರಾಯ್ಡ್ ಔಷಧಿ, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವ ನಾಯಿಗಳೂ ಹೆಚ್ಚು ಕುಡಿಯುತ್ತವೆ. ಮನೆಯೊಳಗೆ ಮೂತ್ರ ಮಾಡುತ್ತದೆಂದು ಇಂಥ ನಾಯಿಗಳ ನೀರಿಗೆ ಮಿತಿ ಹಾಕಿದರೆ ಬೇಸಿಗೆಯಲ್ಲಿ ಅನಾಹುತವಾಗುತ್ತದೆ. ಪಶುವೈದ್ಯರಿಗೆ ತೋರಿಸುವುದೇ ಸರಿಯಾದ ದಾರಿ.

ಪಾತ್ರೆ, ಜಾಗ, ಹೊತ್ತು

ನೀರಿನ ಪಾತ್ರೆ ಭಾರವಾಗಿ, ಅಗಲವಾಗಿ, ಮಗುಚದಂತಿರಬೇಕು. ಮಣ್ಣಿನ ಬೋಗುಣಿಯ ಮೈಯಿಂದ ಸಣ್ಣಗೆ ಜಿನುಗುವ ನೀರು ಆರುತ್ತಾ ಒಳಗಿನ ನೀರನ್ನು ತಂಪಾಗಿಡುತ್ತದೆ. ಹಳ್ಳಿಯ ಮನೆಗಳ ಕಲ್ಲಿನ ಮರಿಗೆಯೂ ಒಳ್ಳೆಯದು. ಸ್ಟೀಲಿನ ಪಾತ್ರೆ ತೊಳೆಯಲು ಸುಲಭ, ಆದರೆ ಬಿಸಿಲು ತಾಗಿದರೆ ಬೇಗ ಕಾಯುತ್ತದೆ. ಪ್ಲಾಸ್ಟಿಕ್ ಬಟ್ಟಲಿನಲ್ಲಿ ಗೀರು ಬಿದ್ದಲ್ಲಿ ಕೊಳೆ, ಸೂಕ್ಷ್ಮಜೀವಿಗಳು ಸೇರಿಕೊಳ್ಳುತ್ತವೆ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಿಗೆ ಆಳವಿಲ್ಲದ ಅಗಲ ತಟ್ಟೆಯೇ ಅನುಕೂಲ.

ಒಂದು ಪಾತ್ರೆಯನ್ನು ನೆಚ್ಚಿಕೊಳ್ಳದೆ ಎರಡು ಮೂರು ಕಡೆ ಇಡುವುದು ಒಳಿತು. ನಾಯಿ ಮಲಗುವ ಕಡೆ ಒಂದು, ಅಂಗಳದ ನೆರಳಿನಲ್ಲಿ ಒಂದು ಇದ್ದರೆ ಒಂದು ಮಗುಚಿದರೂ ಇನ್ನೊಂದು ಉಳಿಯುತ್ತದೆ. ಮನೆಯವರೆಲ್ಲ ಕೆಲಸಕ್ಕೆ ಹೋಗಿ ನಾಯಿ ಒಂಟಿಯಾಗಿ ಉಳಿಯುವ ಮನೆಗಳಲ್ಲಿ ಇದು ತೀರಾ ಅಗತ್ಯ. ಕೀಲುನೋವಿರುವ ಮುದಿ ನಾಯಿ ಎದ್ದು ದೂರ ಹೋಗಲಾರದೆ ಬಾಯಾರಿಕೆ ನುಂಗಿಕೊಂಡು ಮಲಗಿಬಿಡುತ್ತದೆ. ಅದರ ಮಗ್ಗುಲಲ್ಲೇ ನೀರಿರಬೇಕು. ಒಂದಕ್ಕಿಂತ ಹೆಚ್ಚು ನಾಯಿಗಳಿರುವ ಕಡೆ ಜೋರಿನ ನಾಯಿ ಪಾತ್ರೆ ಕಾದು ಕುಳಿತು ಉಳಿದವನ್ನು ಹತ್ತಿರ ಸೇರಿಸದಿರುವುದುಂಟು, ಅಲ್ಲಿ ಪಾತ್ರೆಗಳು ಒಂದಕ್ಕೊಂದು ಕಾಣದಷ್ಟು ದೂರವಿರಲಿ. ತೋಟದ ಮನೆ, ಕಟ್ಟಡ ಕಟ್ಟುವ ಜಾಗಗಳಲ್ಲಿ ಕಾವಲಿಗೆ ಕಟ್ಟಿದ ನಾಯಿಗಳ ಪಾಡು ಇನ್ನೂ ಕಷ್ಟದ್ದು. ಬೆಳಿಗ್ಗೆ ನೆರಳಿದ್ದ ಜಾಗಕ್ಕೆ ಮಧ್ಯಾಹ್ನ ಬಿಸಿಲು ಬಂದಿರುತ್ತದೆ, ಸರಪಳಿ ತಾಗಿ ಪಾತ್ರೆ ಉರುಳಿರುತ್ತದೆ. ಕಟ್ಟಿಹಾಕಲೇಬೇಕಾದರೆ ದಿನವಿಡೀ ನೆರಳು ಸರಿಯದ ಜಾಗ ನೋಡಬೇಕು, ಸರಪಳಿಯ ಅಳತೆಯೊಳಗೇ ನೀರು ಎಟುಕಬೇಕು, ನಡುಹಗಲಿನಲ್ಲಿ ಯಾರಾದರೂ ಹೋಗಿ ನೋಡಬೇಕು.

ಮನೆಯವರು ಕುಡಿಯಲು ಯೋಗ್ಯವಾದ ನೀರೇ ನಾಯಿಗೂ ಯೋಗ್ಯ. ತಾರಸಿಯ ಟ್ಯಾಂಕಿನಿಂದ ನಡುಹಗಲಲ್ಲಿ ಬರುವ ನಲ್ಲಿ ನೀರು ಕೈ ತಡೆಯಲಾರದಷ್ಟು ಕಾದಿರುತ್ತದೆ, ಅದನ್ನು ಆರಿಸಿಯೇ ಇಡಬೇಕು. ದಿನಕ್ಕೆ ಎರಡು ಮೂರು ಬಾರಿ ನೀರು ಬದಲಿಸಿ, ಪಾತ್ರೆಯ ಒಳಮೈಯನ್ನು ಪ್ರತಿದಿನ ಉಜ್ಜಿ ತೊಳೆಯಬೇಕು. ಕೈಗೆ ಜಾರುವ ಲೋಳೆಯಂಥ ಪದರ ಸೂಕ್ಷ್ಮಜೀವಿಗಳದು. ಬರೀ ನೀರು ಚೆಲ್ಲಿದರೆ ಅದು ಹೋಗದು. ನೀರು ತಂಪಾಗಿರಲಿ ಎಂದು ಒಂದೆರಡು ಮಂಜುಗಡ್ಡೆ ಹಾಕಿದರೆ ತೊಂದರೆಯಿಲ್ಲ. ಐಸ್ ನೀರು ಕುಡಿದರೆ ನಾಯಿ ಸಾಯುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಓಡಿ ದಣಿದು ಬಂದ ನಾಯಿ ಒಮ್ಮೆಲೇ ಹೊಟ್ಟೆತುಂಬ ಕುಡಿದು ಕಾರಿಕೊಳ್ಳಬಹುದಾದ್ದರಿಂದ ಸ್ವಲ್ಪ ಸ್ವಲ್ಪವಾಗಿ, ಆಗಾಗ ಕೊಡುವುದು ಲೇಸು. ಕೆರೆಯ ಅಂಚಿನ ಹಸಿರು ಪಾಚಿಗಟ್ಟಿದ ನೀರು, ಚರಂಡಿಯ ನೀರು, ಮಳೆ ನಿಂತ ಹೊಂಡ ಇವುಗಳಿಂದ ನಾಯಿಯನ್ನು ದೂರವಿಡಬೇಕು. ಕೆಲವು ಪಾಚಿಗಳು ಬಿಡುವ ನಂಜು ಪ್ರಾಣಕ್ಕೆ ಎರವಾಗುತ್ತದೆ. ಇಲಿಯ ಮೂತ್ರ ಬೆರೆತ ನೀರಿನಿಂದ ನಾಯಿಗೂ ಮನುಷ್ಯನಿಗೂ ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್ ಅಂಟುತ್ತದೆ.

ಊಟದ ಮೂಲಕ ನೀರು

ಕೆಲವು ನಾಯಿಗಳು ಬಟ್ಟಲಿನ ಕಡೆ ಹೆಚ್ಚು ಸುಳಿಯುವುದೇ ಇಲ್ಲ. ಅಂಥವುಗಳ ಊಟದಲ್ಲೇ ನೀರು ಸೇರಿಸಬಹುದು. ಒಣ ಕಾಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಕೊಡುವುದು ಎಲ್ಲಕ್ಕಿಂತ ಸುಲಭ. ಹಳೆ ಮೈಸೂರು ಭಾಗದಲ್ಲಿ ಮುದ್ದೆ ಉಂಡು ಬೆಳೆಯುವ ನಾಯಿಗೆ ಬೇಸಿಗೆಯಲ್ಲಿ ಉಪ್ಪಿಲ್ಲದ ತೆಳು ರಾಗಿ ಅಂಬಲಿ ಆಹಾರವೂ ಆಗುತ್ತದೆ, ನೀರೂ ಆಗುತ್ತದೆ. ಬೆಣ್ಣೆ ತೆಗೆದ ತೆಳು ಮಜ್ಜಿಗೆಯನ್ನು ಸ್ವಲ್ಪ ಪ್ರಮಾಣದಲ್ಲಿ ಕೊಡಬಹುದು. ಅದಕ್ಕೆ ಉಪ್ಪು, ಹಸಿಮೆಣಸಿನಕಾಯಿ, ಇಂಗು, ಒಗ್ಗರಣೆ ಯಾವುದೂ ಸೇರಿರಬಾರದು. ಬೆಳೆದ ಎಷ್ಟೋ ನಾಯಿಗಳಿಗೆ ಹಾಲು ಅರಗದೆ ಭೇದಿಯಾಗುತ್ತದೆ. ಭೇದಿಯಾದರೆ ಮೈಯ ನೀರು ಇನ್ನಷ್ಟು ಹೋಗುತ್ತದೆ. ದಾಹ ತಣಿಸಲೆಂದು ಹಾಲು ಇಡುವುದು ಸರಿಯಲ್ಲ.

ಬೀಜ, ಸಿಪ್ಪೆ ತೆಗೆದ ಕಲ್ಲಂಗಡಿ ಮತ್ತು ಸೌತೆಕಾಯಿಯಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ನೀರಿದೆ. ಇವುಗಳ ಕೆಲವು ಹೋಳುಗಳನ್ನು ನಾಯಿಗಳು ಇಷ್ಟಪಟ್ಟು ತಿನ್ನುತ್ತವೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚಿರುವುದರಿಂದ ಅಪರೂಪಕ್ಕೆ ಒಂದಿಷ್ಟು ಸಾಕು. ಮೂತ್ರಪಿಂಡದ ತೊಂದರೆಯಿರುವ ನಾಯಿಗೆ ಅದು ಬೇಡ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ನಾಯಿಗೆ ವಿಷ. ಸಾರು ಕಲಸಿದ ಅನ್ನದಲ್ಲಿ ಈರುಳ್ಳಿ ಬೆಳ್ಳುಳ್ಳಿ ಇರುವುದನ್ನು ಮನೆಯವರು ಮರೆಯುವುದೇ ಹೆಚ್ಚು. ಝೈಲಿಟಾಲ್ ಎಂಬ ಸಿಹಿಕಾರಕವಿರುವ ಪಾನೀಯಗಳೂ ನಾಯಿಗೆ ಮಾರಕ. ವಾಂತಿ ಭೇದಿಯಲ್ಲಿ ಮಾತ್ರ ನೀರಿನ ಜೊತೆ ಲವಣಗಳೂ ನಷ್ಟವಾಗುತ್ತವೆ. ಆಗ ಓಆರ್‌ಎಸ್ ಕೊಡಬೇಕೇ, ಎಷ್ಟು ಕೊಡಬೇಕು ಎಂಬುದನ್ನು ಪಶುವೈದ್ಯರೇ ಹೇಳಬೇಕು. ಮರಿಗಳಲ್ಲಿ ಪಾರ್ವೊ ಎಂಬ ವೈರಸ್ ಸೋಂಕಿನ ವಾಂತಿ ಭೇದಿ ಒಂದೆರಡು ದಿನದಲ್ಲೇ ಮೈಯನ್ನು ಬತ್ತಿಸುತ್ತದೆ. ಅದಕ್ಕೆ ಡ್ರಿಪ್ ಮೂಲಕ ದ್ರವ ಕೊಡುವ ಆಸ್ಪತ್ರೆಯ ಚಿಕಿತ್ಸೆಯೇ ಬೇಕು.

ಹೆಚ್ಚು ಜಾಗ್ರತೆ ಬೇಕಾದ ನಾಯಿಗಳು

ಪಗ್, ಬುಲ್‌ಡಾಗ್, ಬಾಕ್ಸರ್, ಶಿಟ್ಸು, ಪೀಕಿಂಗೀಸ್ ಮುಂತಾದ ಚಪ್ಪಟೆ ಮೂತಿಯ ತಳಿಗಳಿಗೆ ಮೂಗಿನ ಹಾದಿ ಕಿರಿದು. ಆವಿಯಾಗಬೇಕಾದ ಒದ್ದೆ ಜಾಗವೇ ಅವುಗಳಲ್ಲಿ ಕಡಿಮೆ. ಉಸಿರೆಳೆಯುವ ಶ್ರಮವೇ ಮೈಯನ್ನು ಇನ್ನಷ್ಟು ಕಾಯಿಸುತ್ತದೆ. ಇವುಗಳಿಗೆ ಎಷ್ಟು ನೀರಿಟ್ಟರೂ ತಂಪು ಜಾಗವಿಲ್ಲದಿದ್ದರೆ ಉಪಯೋಗವಿಲ್ಲ. ಹಸ್ಕಿ, ಸೇಂಟ್ ಬರ್ನಾರ್ಡ್‌ಗಳಂಥ ಚಳಿನಾಡಿನ ನಾಯಿಗಳಿಗೆ ಎರಡು ಪದರದ ದಟ್ಟ ಕೂದಲಿದೆ. ಅದನ್ನು ಬುಡಮಟ್ಟ ಬೋಳಿಸಿದರೆ ಚರ್ಮಕ್ಕೆ ಬಿಸಿಲು ನೇರ ತಾಗುತ್ತದೆ. ಬಾಚಿ, ಉದುರಿದ ಒಳಗೂದಲನ್ನು ತೆಗೆಯುತ್ತಿದ್ದರೆ ಚರ್ಮಕ್ಕೆ ಗಾಳಿಯಾಡುತ್ತದೆ. ದಪ್ಪ ನಾಯಿಗಳು, ಎಳೆ ಮರಿಗಳು, ಮುದಿ ನಾಯಿಗಳು, ಹೃದಯದ ಅಥವಾ ಶ್ವಾಸದ ತೊಂದರೆಯಿರುವ ನಾಯಿಗಳು ಕೂಡ ಬೇಗ ಬಳಲುತ್ತವೆ.

ನಾಡತಳಿಗಳ ಮೈಕಟ್ಟು ಇಲ್ಲಿನ ಬಿಸಿಲಿಗೆ ಹೆಚ್ಚು ಒಗ್ಗಿದೆ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯ ಗಿಡ್ಡ ಕೂದಲು, ತೆಳು ಮೈ, ನೀಳ ಮೂತಿ ಶಾಖ ಬಿಡಲು ಅನುಕೂಲವಾಗಿವೆ. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಈ ತಳಿಯನ್ನು ಕಾಪಾಡುವ ಕೆಲಸ ಮಾಡುತ್ತಿದೆ. ಬಿಸಿಲಿಗೆ ಒಗ್ಗಿದೆ ಎಂದರೆ ನೀರು ಬೇಡವೆಂದಲ್ಲ. ವೇಗವಾಗಿ ಓಡುವ ನಾಯಿಯ ಸ್ನಾಯುಗಳು ಅಪಾರ ಶಾಖ ಹುಟ್ಟಿಸುತ್ತವೆ. ಕುರಿಮಂದೆಯ ಜೊತೆ ದಿನವಿಡೀ ನಡೆಯುವ ನಾಯಿಗಳೂ ಹಾಗೆಯೇ. ಕುರಿಗಳಿಗೆ ನೀರು ಕುಡಿಸುವಲ್ಲೆಲ್ಲ ನಾಯಿಗೂ ಕುಡಿಸಿ, ನಡುಹಗಲಲ್ಲಿ ಬೇವಿನ, ಜಾಲಿಯ ನೆರಳಿನಲ್ಲಿ ಮಲಗಲು ಬಿಡಬೇಕು.

ನಡಿಗೆ, ಡಾಂಬರು, ಕಾರು

ಬೇಸಿಗೆಯಲ್ಲಿ ನಾಯಿಯ ನಡಿಗೆ ಮುಂಜಾನೆ ಏಳರೊಳಗೆ ಅಥವಾ ನೆಲ ಆರಿದ ಮೇಲೆ ರಾತ್ರಿ. ಸೂರ್ಯ ಮುಳುಗಿದ ಮೇಲೂ ಡಾಂಬರು, ಸಿಮೆಂಟಿನ ನೆಲ ಬಹಳ ಹೊತ್ತು ಕಾದಿರುತ್ತವೆ. ಅಂಗೈಯ ಹಿಂಬದಿಯನ್ನು ನೆಲದ ಮೇಲೆ ಏಳು ಸೆಕೆಂಡು ಇಟ್ಟು ನೋಡಬೇಕು. ಕೈ ತಡೆಯದಿದ್ದರೆ ನಾಯಿಯ ಅಂಗಾಲೂ ತಡೆಯದು. ಹೊರಟಾಗ ಒಂದು ಬಾಟಲಿ ನೀರು, ಮಡಚುವ ಬಟ್ಟಲು ಜೊತೆಗಿರಲಿ. ಬಾಯಿ ತೆರೆಯಲಾಗದಂತೆ ಬಿಗಿಯುವ ಮುಖಪಟ್ಟಿ ಹಾಕಿದರೆ ನಾಯಿ ತೇಕಲಾರದು. ಅನಿವಾರ್ಯವಾದರೆ ಬುಟ್ಟಿಯಾಕಾರದ ಪಟ್ಟಿಯನ್ನೇ ಬಳಸಬೇಕು.

ನಿಲ್ಲಿಸಿದ ಕಾರಿನೊಳಗೆ ನಾಯಿಯನ್ನು ಬಿಟ್ಟುಹೋಗುವುದು ಎಲ್ಲಕ್ಕಿಂತ ಅಪಾಯಕಾರಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ಉಷ್ಣಾಂಶ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಅದರ ನೂರಕ್ಕೆ 80 ಭಾಗ ಏರುವುದು ಮೊದಲ ಅರ್ಧ ಗಂಟೆಯಲ್ಲೇ. ಕಿಟಕಿಯ ಗಾಜನ್ನು ಒಂದಿಷ್ಟು ಇಳಿಸಿದರೂ ಹೆಚ್ಚು ವ್ಯತ್ಯಾಸವಾಗಲಿಲ್ಲ. ಒಳಗೆ ಬಟ್ಟಲು ತುಂಬ ನೀರಿಟ್ಟರೂ ನಾಯಿಯನ್ನು ಉಳಿಸಲಾಗದು, ಏಕೆಂದರೆ ಮುಚ್ಚಿದ ಕಾರಿನ ಗಾಳಿ ನಾಯಿಯ ಉಸಿರಿನ ಆವಿಯಿಂದಲೇ ತುಂಬಿ ತೇಕುವುದೂ ವ್ಯರ್ಥವಾಗುತ್ತದೆ.

ನೀರು ಸಾಲದಿದ್ದರೆ ಕಾಣುವ ಗುರುತುಗಳು

ಆರೋಗ್ಯವಂತ ನಾಯಿಯ ವಸಡು ಒದ್ದೆಯಾಗಿ, ನುಣುಪಾಗಿ ಇರುತ್ತದೆ. ನೀರು ಕಡಿಮೆಯಾದಾಗ ಅದು ಒಣಗಿ ಬೆರಳಿಗೆ ಅಂಟಂಟಾಗುತ್ತದೆ. ವಸಡನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ತಡವಾದರೆ ರಕ್ತಸಂಚಾರ ಕುಂದಿದೆ ಎಂದರ್ಥ. ಹೆಗಲ ಮೇಲಿನ ಚರ್ಮವನ್ನು ಎತ್ತಿ ಬಿಟ್ಟಾಗ ಅದು ತಟ್ಟನೆ ಕೂರದೆ ಮಡಿಕೆಯಾಗಿ ನಿಂತರೆ ಅದೂ ನೀರಿನ ಕೊರತೆಯ ಗುರುತು. ಮುದಿ ನಾಯಿ, ಬಡಕಲು ನಾಯಿಗಳ ಚರ್ಮ ಸಹಜವಾಗಿಯೇ ಸಡಿಲ, ಬೊಜ್ಜಿನ ನಾಯಿಯಲ್ಲಿ ಮಡಿಕೆ ನಿಲ್ಲುವುದೇ ಇಲ್ಲ. ಹಾಗಾಗಿ ಚರ್ಮವೊಂದನ್ನೇ ನಂಬದೆ ವಸಡನ್ನೂ ನೋಡಬೇಕು. ಗಾಢ ಹಳದಿಯ, ಕಡಿಮೆ ಮೂತ್ರ, ಮಂಕುತನ, ಊಟ ಬೇಡವೆನ್ನುವುದು, ಕಣ್ಣು ಗುಳಿಬೀಳುವುದು ಉಳಿದ ಲಕ್ಷಣಗಳು. ಮೂಗು ಒಣಗಿದೆಯೇ ಎಂದು ಮುಟ್ಟಿ ನೋಡುವುದು ವಾಡಿಕೆ. ಮಲಗಿ ಎದ್ದ ಆರೋಗ್ಯವಂತ ನಾಯಿಯ ಮೂಗೂ ಒಣಗಿರುತ್ತದೆ, ಅದರಿಂದ ತಿಳಿಯುವುದು ಕಡಿಮೆ.

ಲಕ್ಷಣಗಳು ಈಗಷ್ಟೇ ಕಾಣಿಸಿಕೊಂಡಿದ್ದು ನಾಯಿ ಎಚ್ಚರವಾಗಿದ್ದರೆ ತಂಪು ಜಾಗಕ್ಕೆ ಕರೆದು ಸ್ವಲ್ಪ ಸ್ವಲ್ಪ ನೀರು ಕೊಡಬೇಕು. ಕುಡಿಯದಿದ್ದರೆ, ಕುಡಿದದ್ದು ಉಳಿಯದೆ ವಾಂತಿಯಾದರೆ ಕೂಡಲೇ ಪಶುವೈದ್ಯರ ಬಳಿ ಒಯ್ಯಬೇಕು.

ಬಿಸಿಲಿನ ಹೊಡೆತಕ್ಕೆ ಮೊದಲ ಉಪಚಾರ

ಮೈಕಾವು 41 ಡಿಗ್ರಿ ಸೆಲ್ಸಿಯಸ್ ದಾಟುವುದು ಹೀಟ್ ಸ್ಟ್ರೋಕ್‌ನ ಅಪಾಯದ ಮಟ್ಟ. ನಿಲ್ಲದ ಜೋರು ತೇಕು, ದಪ್ಪ ಜೊಲ್ಲು, ಕಡುಗೆಂಪಾದ ವಸಡು, ತೂರಾಡುವ ನಡಿಗೆ, ವಾಂತಿ, ಕುಸಿದು ಬೀಳುವುದು, ಸೆಳೆತ ಇದರ ಲಕ್ಷಣಗಳು. ಥರ್ಮಾಮೀಟರ್ ಹುಡುಕುತ್ತ ಹೊತ್ತು ಕಳೆಯಬಾರದು. ಮೊದಲು ಮೈ ತಂಪು ಮಾಡಬೇಕು, ಆಮೇಲೆ ಆಸ್ಪತ್ರೆಗೆ ಒಯ್ಯಬೇಕು. ನೆರಳಿಗೆ ತಂದು ಮೈತುಂಬ ತಣ್ಣೀರು ಸುರಿಯುತ್ತ ಫ್ಯಾನ್ ಹಾಕಬೇಕು ಅಥವಾ ಬೀಸಬೇಕು. ಎಳೆ ಹರೆಯದ, ಆರೋಗ್ಯವಂತ ನಾಯಿಯನ್ನು ತಲೆ ಮೇಲಿರುವಂತೆ ಹಿಡಿದು ನೀರಿನ ತೊಟ್ಟಿಯಲ್ಲಿ ನಿಲ್ಲಿಸಬಹುದು. ಮುದಿ ನಾಯಿಗೆ, ಕಾಯಿಲೆಯ ನಾಯಿಗೆ, ಚಪ್ಪಟೆ ಮೂತಿಯದಕ್ಕೆ ನೀರು ಸುರಿದು ಗಾಳಿ ಹಾಕುವುದೇ ಸುರಕ್ಷಿತ. ಒದ್ದೆ ಟವೆಲ್ ಹೊದಿಸಿ ಬಿಟ್ಟರೆ ಅದು ಬಿಸಿಯಾಗಿ ಶಾಖವನ್ನು ಒಳಗೇ ಹಿಡಿದಿಡುತ್ತದೆ. ಮೈಕಾವು 39.5 ಡಿಗ್ರಿಗೆ ಇಳಿದಾಗ ನೀರು ಸುರಿಯುವುದನ್ನು ನಿಲ್ಲಿಸಬೇಕು.

ಎಚ್ಚರವಿರುವ ನಾಯಿಯ ಮುಂದೆ ನೀರಿಡಬಹುದು. ಎಚ್ಚರ ತಪ್ಪಿದ ನಾಯಿಯ ಬಾಯಿಗೆ ನೀರು ಹಾಕಲೇಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮನುಷ್ಯರ ಜ್ವರದ ಮಾತ್ರೆಗಳು ಇಲ್ಲಿ ಕೆಲಸ ಮಾಡುವುದಿಲ್ಲ, ನಾಯಿಗೆ ಹಾನಿಯನ್ನೂ ಮಾಡುತ್ತವೆ. ನಾಯಿ ಚೇತರಿಸಿಕೊಂಡಂತೆ ಕಂಡರೂ ವೈದ್ಯರಿಗೆ ತೋರಿಸಬೇಕು. ಮೂತ್ರಪಿಂಡ, ಯಕೃತ್ತು, ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಗೆ ಆದ ಪೆಟ್ಟು ಒಂದೆರಡು ದಿನಗಳ ಮೇಲೆ ಹೊರಬೀಳಬಹುದು.

ಬೀದಿಯ ನಾಯಿಗಳಿಗೆ ನೀರು

ಬೆಂಗಳೂರಿನಲ್ಲಿ 2023ರಲ್ಲಿ ಆಗಿನ ನಗರಪಾಲಿಕೆ ಬಿಬಿಎಂಪಿ ನಡೆಸಿದ ಸಮೀಕ್ಷೆಯಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳಿರುವುದಾಗಿ ಅಂದಾಜಿಸಲಾಯಿತು. ಬೇಸಿಗೆಯಲ್ಲಿ ಇವುಗಳಿಗೆ ಅನ್ನಕ್ಕಿಂತಲೂ ದುರ್ಲಭವಾಗುವುದು ಕುಡಿಯಬಹುದಾದ ನೀರು. ದಾರಿಹೋಕರಿಗೆ ಅರವಟ್ಟಿಗೆ, ದನಗಳಿಗೆ ನೀರಿನ ತೊಟ್ಟಿ ಕಟ್ಟಿಸಿದ ನಾಡಿನಲ್ಲಿ ಮನೆಯ ಗೇಟಿನ ಪಕ್ಕ ಒಂದು ಮಣ್ಣಿನ ಬೋಗುಣಿ ಇಡುವುದು ಕಷ್ಟದ ಕೆಲಸವೇನಲ್ಲ. ಅದು ನೆರಳಿನಲ್ಲಿರಲಿ, ಮಕ್ಕಳು ಆಡುವ ಜಾಗ, ಜನ ಓಡಾಡುವ ಬಾಗಿಲು, ಮೆಟ್ಟಿಲುಗಳಿಂದ ದೂರವಿರಲಿ. ಊಟ ಹಾಕುವುದಾದರೆ ಸ್ಥಳೀಯ ಸಂಸ್ಥೆ ಗುರುತಿಸಿದ ಜಾಗದಲ್ಲೇ ಹಾಕಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ಪಾತ್ರೆಗಳ ಅಂಚಿನಲ್ಲೇ ಮೊಟ್ಟೆಯಿಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ದಿನವೂ ನೀರು ಚೆಲ್ಲಿ ಒಳಮೈ ಉಜ್ಜಿದರೆ ನಾಯಿಯ ದಾಹವೂ ತೀರುತ್ತದೆ, ಬೀದಿಯ ಆರೋಗ್ಯವೂ ಉಳಿಯುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಜೊಲ್ಲು ಸುರಿಸುತ್ತ, ತೂರಾಡುತ್ತ, ನೀರು ನುಂಗಲಾರದೆ ಇರುವ ಬೀದಿನಾಯಿಗೆ ಬಿಸಿಲಿನ ಹೊಡೆತವೇ ಆಗಿದೆ ಎಂದು ತಿಳಿಯುವಂತಿಲ್ಲ. ರೇಬೀಸ್ ಬಂದ ನಾಯಿಯ ಗಂಟಲಿನ ಸ್ನಾಯುಗಳು ಸೋತಾಗಲೂ ಇದೇ ಲಕ್ಷಣಗಳು ಕಾಣುತ್ತವೆ. ಅಂಥ ನಾಯಿಯನ್ನು ಮುಟ್ಟದೆ, ದೂರದಲ್ಲಿ ನೀರಿಟ್ಟು, ಪಾಲಿಕೆಗೆ ಅಥವಾ ಪಶುವೈದ್ಯರಿಗೆ ತಿಳಿಸಬೇಕು. ಕಚ್ಚಿದರೆ ಅಥವಾ ಗಾಯಕ್ಕೆ ಜೊಲ್ಲು ತಾಗಿದರೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ತಡಮಾಡದೆ ಲಸಿಕೆ ಹಾಕಿಸಿಕೊಳ್ಳಬೇಕು.

ಸಾಕಿದ ಪ್ರಾಣಿಗೆ ನೀರು ಕೊಡುವುದು ಕಾನೂನಿನ ಕಟ್ಟಳೆಯೂ ಹೌದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಪ್ರಾಣಿಗೆ ಸಾಕಷ್ಟು ಆಹಾರ, ಕುಡಿಯುವ ನೀರು, ಆಸರೆ ಒದಗಿಸದ ಒಡೆಯ ಅಪರಾಧಿ. ಮೊದಲ ಸಲದ ತಪ್ಪಿಗೆ ಅದು ಇಟ್ಟಿರುವ ದಂಡ ಹತ್ತರಿಂದ ಐವತ್ತು ರೂಪಾಯಿ. ಇಷ್ಟು ಸಣ್ಣ ದಂಡದ ಹೆದರಿಕೆಯಿಂದ ಯಾವ ನಾಯಿಯ ಬಟ್ಟಲೂ ತುಂಬುವುದಿಲ್ಲ. ತನ್ನ ನೀರನ್ನು ತಾನೇ ತುಂಬಿಕೊಳ್ಳಲಾರದ, ಕಟ್ಟಿದ ಜಾಗ ಬಿಟ್ಟು ನೆರಳಿಗೆ ಹೋಗಲಾರದ ಪ್ರಾಣಿಯನ್ನು ಮನೆಗೆ ತಂದವರೇ ಬಿಸಿಲ ತಿಂಗಳುಗಳಲ್ಲಿ ಅದರ ನೀರು, ನೆರಳು, ಗಾಳಿ ಮೂರನ್ನೂ ದಿನಾ ನೋಡಿಕೊಳ್ಳಬೇಕು.